‘ಪುಟ್’ ಅನ್ನು ಜರ್ಮನ್‌ಗೆ ತರುವಾಗ: ಷ್ಟೆಲೆನ್, ಲೇಗೆನ್, ಜ಼ೆಟ್ಸೆನ್, ಷ್ಟೆಕೆನ್, ಹೆಂಗೆನ್ ನಡುವೆ ಆಯ್ಕೆ

ಹೂದಾನಿಯನ್ನು ಮೇಜಿನ ಮೇಲೆ ಇಡಿ. ಇಷ್ಟೇ ವಾಕ್ಯ. ಮೂಲ ಇಂಗ್ಲಿಷ್‌ನಲ್ಲಿ ಅದು ‘ಪುಟ್’ ಅಂತ ಶುರುವಾಗಿತ್ತು. ಜರ್ಮನ್‌ಗೆ ತರುವಾಗ ನಾನು ‘ಲೇಗೆನ್’ ಬರೆದೆ. ನಿಘಂಟಿನಲ್ಲಿ ಪುಟ್ ಎದುರಿಗೆ ಅದೂ ಇತ್ತು, ಇನ್ನೇನು ಬೇಕು ಅಂದುಕೊಂಡೆ. ಅನುವಾದ ಓದಿದ ಜರ್ಮನ್ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: ‘ನೀರು ಒರೆಸೋಕೆ ಬಟ್ಟೆ ತರಲಾ?’

ಲೇಗೆನ್ ಅಂದರೆ ಮಲಗಿಸಿ ಇಡುವುದು. ನಾನು ನೀರು ತುಂಬಿದ ಹೂದಾನಿಯನ್ನು ಅಡ್ಡ ಮಲಗಿಸಿದ್ದೆ.

ಅವತ್ತಿನಿಂದ ಪುಟ್ ಕಂಡರೆ ಒಂದು ಕ್ಷಣ ನಿಲ್ಲುತ್ತೇನೆ. ಇಂಗ್ಲಿಷ್‌ನ ಈ ಕ್ರಿಯಾಪದ ಮಹಾ ಸೋಮಾರಿ. ಭೂತಕಾಲದಲ್ಲೂ ರೂಪ ಬದಲಿಸುವುದಿಲ್ಲ. ವಸ್ತು ನಿಂತಿದೆಯೋ, ಮಲಗಿದೆಯೋ, ತೂಗುತ್ತಿದೆಯೋ, ಎಲ್ಲಾದರೂ ತೂರಿಕೊಂಡಿದೆಯೋ, ಅದಕ್ಕೆ ಲೆಕ್ಕವಿಲ್ಲ. ಇಲ್ಲಿಂದ ಅಲ್ಲಿಗೆ ಹೋಯಿತು ತಾನೇ, ಮುಗಿಯಿತು. ಜರ್ಮನ್‌ಗೆ ಹಾಗಲ್ಲ. ನಿಮ್ಮ ಕೈ ಏನು ಮಾಡಿತು ಅನ್ನುವುದಕ್ಕಿಂತ, ಕೈ ಬಿಟ್ಟ ಮೇಲೆ ವಸ್ತು ಹೇಗೆ ಇರುತ್ತದೆ ಅನ್ನುವುದು ಅದಕ್ಕೆ ಮುಖ್ಯ. ಈ ಬರಹದಲ್ಲಿ ಬರುವ ಹೋಲಿಕೆಗಳಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯಿಂದಲೇ ಬಗೆಹರಿಯುತ್ತವೆ. ಉಳಿದ ಕಾಲು ಪಾಲನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ.

ಉಚ್ಚಾರಣೆ ಬಗ್ಗೆ ಒಂದು ಮಾತು. ಜರ್ಮನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕಿವಿಗೆ ಕೇಳುವ ಹಾಗೆ ಬರೆದಿದ್ದೇನೆ. ‘ಷ್ಟ’ ಅಂತ ಶುರುವಾಗುವ ಪದಗಳ ಕಾಗುಣಿತ ಜರ್ಮನ್‌ನಲ್ಲಿ ಎಸ್, ಟಿ ಅಕ್ಷರಗಳಿಂದ ಆರಂಭವಾಗುತ್ತದೆ. ನುಕ್ತೆ ಇರುವ ‘ಜ಼’ ಬರುವ ಕಡೆ, ಇಂಗ್ಲಿಷ್‌ನ ‘ಝೀಬ್ರಾ’ ಪದದ ಮೊದಲ ಸದ್ದು. ಅಲ್ಲೂ ಕಾಗುಣಿತದಲ್ಲಿ ಇರುವುದು ಎಸ್ ಅಕ್ಷರವೇ.

ಷ್ಟೆಲೆನ್ ಮತ್ತು ಲೇಗೆನ್: ಎಡವುವುದೆಲ್ಲ ಇಲ್ಲೇ

ಷ್ಟೆಲೆನ್ ಅಂದರೆ ನಿಲ್ಲಿಸಿ ಇಡುವುದು. ಇಟ್ಟ ಮೇಲೆ ವಸ್ತು ‘ಷ್ಟೇಟ್’, ಅಂದರೆ ನಿಂತಿರುತ್ತದೆ. ಲೇಗೆನ್ ಅಂದರೆ ಮಲಗಿಸುವುದು. ಆಮೇಲೆ ವಸ್ತು ‘ಲೀಗ್ಟ್’, ಅಂದರೆ ಮಲಗಿರುತ್ತದೆ. ಬಾಟಲಿ, ಹೂದಾನಿ, ಲೋಟ, ಕುರ್ಚಿ: ಷ್ಟೆಲೆನ್. ಕಾಗದ, ಪೆನ್ನು, ಚಾಕು, ಟವೆಲ್, ಫೋನು: ಲೇಗೆನ್. ಪುಸ್ತಕ ಎರಡಕ್ಕೂ ಸೇರುತ್ತದೆ. ಕಪಾಟಿನ ಸಾಲಿನಲ್ಲಿ ಬೆನ್ನು ಕಾಣುವಂತೆ ನಿಲ್ಲಿಸಿದರೆ ಷ್ಟೆಲೆನ್, ಮೇಜಿನ ಮೇಲೆ ಮುಖಪುಟ ಮೇಲೆ ಮಾಡಿ ಇಟ್ಟರೆ ಲೇಗೆನ್. ಬಾಟಲಿಯೂ ಅಷ್ಟೇ. ಫ್ರಿಜ್‌ನಲ್ಲಿ ಜಾಗ ಸಾಲದೆ ಅಡ್ಡ ಮಲಗಿಸಿದರೆ ಅದೂ ಲೇಗೆನ್ ಸಾಲಿಗೆ ಬಂತು.

ಇಲ್ಲಿಯವರೆಗೆ ಸುಲಭ. ಉದ್ದಕ್ಕೆ ಇದ್ದರೆ ನಿಂತದ್ದು, ಚಪ್ಪಟೆಯಾಗಿದ್ದರೆ ಮಲಗಿದ್ದು ಅಂತ ನಾನೂ ಒಂದು ಸೂತ್ರ ಮಾಡಿಕೊಂಡಿದ್ದೆ. ಆಮೇಲೆ ತಟ್ಟೆ ಬಂತು.

ತಟ್ಟೆ ಚಪ್ಪಟೆ. ಆದರೆ ಜರ್ಮನ್‌ನಲ್ಲಿ ಮೇಜಿನ ಮೇಲೆ ತಟ್ಟೆ ‘ನಿಂತಿರುತ್ತದೆ’. ಡೇರ್ ಟೆಲರ್ ಷ್ಟೇಟ್ ಔಫ್ ಡೇಮ್ ಟಿಷ್. ಯಾಕೆ? ತಟ್ಟೆಗೆ ಅಡಿ ಇದೆ. ಅದನ್ನು ಇಡುವುದಕ್ಕೆ ಸರಿಯಾದ ಒಂದು ಬಗೆ ಇದೆ, ಅದು ತನ್ನ ಅಡಿಯ ಮೇಲೆ ಇದೆ, ಹಾಗಾಗಿ ನಿಂತಿದೆ. ಮಂಚವೂ ಹಾಗೇ. ಎಷ್ಟೇ ಅಗಲವಾಗಿ ಹರಡಿಕೊಂಡಿದ್ದರೂ ಕಾಲಿನ ಮೇಲೆ ಇದೆಯಲ್ಲ, ನಿಂತಿದೆ. ಕಾರು ಗ್ಯಾರೇಜಿನಲ್ಲಿ ನಿಂತಿರುತ್ತದೆ, ಇದು ನಮಗೂ ಸಹಜ. ಅದೇ ಕಾರು ಅಪಘಾತದಲ್ಲಿ ಮಗುಚಿ ಚಾವಣಿ ಮೇಲೆ ಬಿದ್ದರೆ ಆಗ ಲೀಗ್ಟ್. ಬಾಗಿಲ ಬಳಿ ಜೋಡಿಸಿಟ್ಟ ಷೂಗಳು ನಿಂತಿವೆ, ಒದ್ದು ಬಿಸಾಡಿದ ಷೂ ಮಲಗಿದೆ.

ಇನ್ನು ಚೆಂಡು. ಅದಕ್ಕೆ ಅಡಿಯೂ ಇಲ್ಲ, ತಲೆಯೂ ಇಲ್ಲ. ಹೇಗಿಟ್ಟರೂ ಒಂದೇ. ಹಾಗಾಗಿ ಅದು ಯಾವಾಗಲೂ ಮಲಗಿಯೇ ಇರುತ್ತದೆ, ಲೀಗ್ಟ್. ಹಣ್ಣು, ಆಲೂಗಡ್ಡೆ, ಕಲ್ಲು ಎಲ್ಲವೂ ಹೀಗೆ. ಅಂದಮೇಲೆ ಸೂತ್ರವನ್ನು ತಿದ್ದಬೇಕು. ಎತ್ತರ ಅಗಲ ಅಳೆಯಬೇಡಿ. ಆ ವಸ್ತುವಿಗೆ ಅಡಿ ಅಂತ ಒಂದು ಇದೆಯಾ, ಈಗ ಅದು ಅಡಿಯ ಮೇಲೆ ಇದೆಯಾ ಅಂತ ಕೇಳಿಕೊಳ್ಳಿ. ಎರಡಕ್ಕೂ ಹೌದಾದರೆ ಷ್ಟೆಲೆನ್. ಒಂದಕ್ಕೆ ಇಲ್ಲ ಅಂದರೂ ಬಹುತೇಕ ಲೇಗೆನ್.

ಊಟದ ಮೇಜು ಸಿದ್ಧ ಮಾಡುವ ದೃಶ್ಯ ಇದಕ್ಕೆ ಒಳ್ಳೆಯ ಪರೀಕ್ಷೆ. ಇಂಗ್ಲಿಷ್ ಕಥೆಯಲ್ಲಿ ಒಬ್ಬಳು ತಟ್ಟೆ, ಲೋಟ, ಫೋರ್ಕು, ನ್ಯಾಪ್ಕಿನ್, ಮೇಣದಬತ್ತಿ ಎಲ್ಲವನ್ನೂ ಒಂದೇ ಪುಟ್‌ನಲ್ಲಿ ಮುಗಿಸುತ್ತಾಳೆ ಅನ್ನಿ. ಜರ್ಮನ್‌ನಲ್ಲಿ ತಟ್ಟೆ, ಲೋಟಕ್ಕೆ ಷ್ಟೆಲೆನ್. ಫೋರ್ಕು, ನ್ಯಾಪ್ಕಿನ್‌ಗೆ ಲೇಗೆನ್. ಮೇಣದಬತ್ತಿಯನ್ನು ಅದರ ಸ್ಟ್ಯಾಂಡಿನೊಳಗೆ ಸಿಕ್ಕಿಸುವುದಕ್ಕೆ ಷ್ಟೆಕೆನ್. ಒಂದು ವಾಕ್ಯ ಮೂರಾಗಿ ಒಡೆಯುತ್ತದೆ. ಲಯವೂ ಕೆಡುತ್ತದೆ. ಇಂಥ ಕಡೆ ನಾನು ಒಡೆಯುವುದಿಲ್ಲ. ‘ಡೇನ್ ಟಿಷ್ ಡೆಕೆನ್’ ಅನ್ನುವ ನುಡಿಗಟ್ಟು ಇದೆ. ಪದಶಃ ನೋಡಿದರೆ ಮೇಜನ್ನು ಹೊದಿಸುವುದು, ಅರ್ಥ ಮಾತ್ರ ಊಟಕ್ಕೆ ಮೇಜು ಸಜ್ಜು ಮಾಡುವುದು. ಲೇಖಕ ಪ್ರತಿಯೊಂದು ವಸ್ತುವನ್ನೂ ಕಣ್ಣಿಗೆ ಕಟ್ಟಿಸಬೇಕು ಅಂತಲೇ ಬರೆದಿದ್ದರೆ ಒಡೆಯಿರಿ. ಸುಮ್ನೆ ಪಟ್ಟಿ ಕೊಟ್ಟಿದ್ದರೆ ಡೆಕೆನ್ ಸಾಕು.

ಕನ್ನಡ ಓದುಗರಿಗೆ ಇಲ್ಲಿ ಒಂದು ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುವುದೇ ಇಲ್ಲ. ನಮ್ಮಲ್ಲಿ ನಿಲ್ಲು, ನಿಲ್ಲಿಸು. ಮಲಗು, ಮಲಗಿಸು. ಕೂರು, ಕೂರಿಸು. ‘ಇಸು’ ಸೇರಿಸಿದರೆ ತಾನೇ ಆಗುವ ಕೆಲಸ ಮಾಡಿಸುವ ಕೆಲಸವಾಗುತ್ತದೆ. ಜರ್ಮನ್‌ನಲ್ಲೂ ಹಳೆಯ ಕಾಲದಲ್ಲಿ ಇಂಥದೇ ಒಂದು ಪ್ರತ್ಯಯ ಇತ್ತು. ಅದು ಸವೆದುಹೋಗಿ, ಒಳಗಿನ ಸ್ವರ ಬದಲಾದದ್ದು ಮಾತ್ರ ಗುರುತಾಗಿ ಉಳಿದಿದೆ. ಲೀಗೆನ್ ಅಂದರೆ ಮಲಗು, ಲೇಗೆನ್ ಅಂದರೆ ಮಲಗಿಸು. ಜ಼ಿಟ್ಸೆನ್ ಅಂದರೆ ಕೂರು, ಜ಼ೆಟ್ಸೆನ್ ಅಂದರೆ ಕೂರಿಸು. ಟ್ರಿಂಕೆನ್ ಕುಡಿ, ಟ್ರೆಂಕೆನ್ ಕುಡಿಸು, ಅದೂ ದನಕರುಗಳಿಗೆ ನೀರು ಕುಡಿಸು. ಷ್ಟೆಲೆನ್ ಹುಟ್ಟಿನಿಂದ ಈ ಸಾಲಿನದ್ದಲ್ಲ, ಬಳಕೆಯಲ್ಲಿ ಬಂದು ಸೇರಿಕೊಂಡಿದೆ. ಅದೇನೇ ಇರಲಿ, ಪುಟ್ ಅನ್ನು ಮೊದಲು ಮನಸ್ಸಿನಲ್ಲೇ ಕನ್ನಡಕ್ಕೆ ತಂದು, ನಿಲ್ಲಿಸುವುದೋ ಮಲಗಿಸುವುದೋ ಕೂರಿಸುವುದೋ ಅಂತ ಕೇಳಿಕೊಂಡು ಆಮೇಲೆ ಜರ್ಮನ್‌ಗೆ ಹೋದರೆ ದಾರಿ ಹತ್ತಿರ. ಇಂಗ್ಲಿಷ್‌ನಲ್ಲೂ ‘ಲೈ, ಲೇ’ ಮತ್ತು ‘ಸಿಟ್, ಸೆಟ್’ ಅಂತ ಇದೇ ಜೋಡಿಗಳು ಉಳಿದಿವೆ. ಆದರೆ ಲೈ ಮತ್ತು ಲೇ ನಡುವೆ ಇಂಗ್ಲಿಷ್‌ನವರೇ ಗೊಂದಲ ಮಾಡಿಕೊಳ್ಳುತ್ತಾರೆ. ಅವರ ಹಿಂದೆ ಹೋಗಿ ಪ್ರಯೋಜನವಿಲ್ಲ.

ಜ಼ೆಟ್ಸೆನ್: ಕೂರಿಸುವುದು, ಆದರೆ ಯಾರನ್ನು?

ಮಗುವನ್ನು ಕುರ್ಚಿಯ ಮೇಲೆ, ಬೆಕ್ಕನ್ನು ನೆಲದ ಮೇಲೆ, ಗೊಂಬೆಯನ್ನು ಸೋಫಾ ಮೇಲೆ. ಕೂರಲು ಬರುವ ಯಾವುದಕ್ಕೂ ಜ಼ೆಟ್ಸೆನ್. ಹಸುಗೂಸು ಕೂರುವುದಿಲ್ಲ, ಅದಕ್ಕೆ ಲೇಗೆನ್. ಆದರೆ ‘ಮಗುವನ್ನು ಮಲಗಿಸಿದಳು’ ಅನ್ನುವಾಗ ದಿನಚರಿಯ ಅರ್ಥ ಬೇಕಿದ್ದರೆ ‘ಇನ್ಸ್ ಬೆಟ್ ಬ್ರಿಂಗೆನ್’, ಅಂದರೆ ಹಾಸಿಗೆಗೆ ಒಯ್ಯುವುದು ಅನ್ನುತ್ತಾರೆ.

ನಿರ್ಜೀವ ವಸ್ತುಗಳಿಗೆ ಜ಼ೆಟ್ಸೆನ್ ಬಂದರೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಅದಕ್ಕೆ ಗೊತ್ತಾದ ಒಂದು ಜಾಗ ಇದೆ, ಅಲ್ಲಿ ಸರಿಯಾಗಿ ಕೂರಬೇಕು. ವಾಕ್ಯದಲ್ಲಿ ಅಲ್ಪವಿರಾಮ ಹಾಕುವುದು ಜ಼ೆಟ್ಸೆನ್. ಒಪ್ಪಂದದ ಕೆಳಗೆ ಸಹಿ ಹಾಕುವುದು ಜ಼ೆಟ್ಸೆನ್. ಅಚ್ಚುಮೊಳೆ ಜೋಡಿಸುವುದಕ್ಕೂ ಇದೇ ಪದ, ಮೊಳೆ ಜೋಡಿಸುವವನು ‘ಜ಼ೆಟ್ಸರ್’. ಬಟ್ಟೆ ಮೈಗೆ ಸರಿಯಾಗಿ ಕೂತಿದೆ ಅಂತ ನಾವು ಹೇಳುತ್ತೇವಲ್ಲ, ಜರ್ಮನ್‌ನವರೂ ಅದನ್ನೇ ಹೇಳುತ್ತಾರೆ. ಜಾಕೆಟ್ ‘ಜ಼ಿಟ್ಸ್ಟ್’. ಇಂಗ್ಲಿಷ್‌ಗೆ ಇಲ್ಲಿ ‘ಫಿಟ್’ ಬೇಕಾಯಿತು.

ಪಾತ್ರೆಯನ್ನು ಒಲೆಯ ಮೇಲೆ ಇಡುವುದಕ್ಕೆ ಷ್ಟೆಲೆನ್ ಮತ್ತು ಜ಼ೆಟ್ಸೆನ್ ಎರಡೂ ನಡೆಯುತ್ತವೆ. ಕಾಫಿಗೋ ಚಹಾಕ್ಕೋ ನೀರು ಇಡುವುದಾದರೆ ‘ಔಫ್‌ಜ಼ೆಟ್ಸೆನ್’ ಅನ್ನುವುದು ರೂಢಿ. ಎರಡೂ ಸರಿ ಇರುವ ಕಡೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂದು ತಮಾಷೆ ಗೊತ್ತಾ? ಅನುವಾದ ಮಾಡು ಅನ್ನುವುದಕ್ಕೆ ಜರ್ಮನ್ ಪದವೇ ‘ಯೂಬರ್‌ಜ಼ೆಟ್ಸೆನ್’. ಒಳಗೆ ಕೂತಿರುವುದು ಇದೇ ಜ಼ೆಟ್ಸೆನ್. ಒತ್ತು ‘ಜ಼ೆಟ್’ ಮೇಲೆ ಬಿದ್ದರೆ ಅನುವಾದ. ಒತ್ತು ‘ಯೂ’ ಮೇಲೆ ಬಿದ್ದರೆ ದೋಣಿಯಲ್ಲಿ ನದಿ ದಾಟಿಸುವುದು. ಬರೆದಾಗ ಎರಡೂ ಒಂದೇ.

ಷ್ಟೆಕೆನ್ ಮತ್ತು ಹೆಂಗೆನ್

ಇವೆರಡೂ ತಂಟೆ ಇಲ್ಲದವು. ಕಿರಿದಾದ ಜಾಗಕ್ಕೆ ತೂರಿಸಿದರೆ, ಸಿಕ್ಕಿಸಿದರೆ ಷ್ಟೆಕೆನ್. ಪತ್ರವನ್ನು ಲಕೋಟೆಗೆ, ಕೈಯನ್ನು ಜೇಬಿಗೆ, ಬೀಗದ ಕೈಯನ್ನು ಬೀಗಕ್ಕೆ. ವಿದ್ಯುತ್ ಪ್ಲಗ್ಗಿಗೆ ಜರ್ಮನ್‌ನಲ್ಲಿ ‘ಷ್ಟೆಕರ್’, ಅದನ್ನು ಸಿಕ್ಕಿಸುವ ಗೋಡೆಯ ಸಾಕೆಟ್‌ಗೆ ‘ಷ್ಟೆಕ್‌ಡೋಜ಼ೆ’. ಈ ಎರಡು ಪದ ನೆನಪಿದ್ದರೆ ಕ್ರಿಯಾಪದ ಮರೆಯುವುದಿಲ್ಲ. ಯಾರನ್ನಾದರೂ ಜೈಲಿಗೆ ಹಾಕುವುದೂ, ಒಂದು ಯೋಜನೆಗೆ ದುಡ್ಡು ಸುರಿಯುವುದೂ ಷ್ಟೆಕೆನ್. ಫೋನಿನಲ್ಲಿ ‘ವೋ ಷ್ಟೆಕ್ಸ್ಟ್ ಡು?’ ಅಂದರೆ ಎಲ್ಲಿ ಅಡಗಿ ಕೂತಿದ್ದೀಯಾ ಮಾರಾಯ ಅಂತ.

ಬೀಗದ ಕೈ ಬಗ್ಗೆ ಒಂದು ಎಚ್ಚರಿಕೆ. ಅದು ಬಾಗಿಲಲ್ಲಿದ್ದರೆ ಷ್ಟೆಕ್ಟ್, ಮೇಜಿನ ಮೇಲಿದ್ದರೆ ಲೀಗ್ಟ್, ಗೋಡೆಯ ಕೊಕ್ಕೆಯಲ್ಲಿದ್ದರೆ ಹೆಂಗ್ಟ್. ಇಂಗ್ಲಿಷ್ ಪತ್ತೇದಾರಿ ಕಥೆಯಲ್ಲಿ ‘ಕೀಲಿಯನ್ನು ಎಲ್ಲಿಟ್ಟೆ?’ ಅಂತ ಪುಟ್ ಹಾಕಿ ಕೇಳಿದರೆ, ಜರ್ಮನ್ ಅನುವಾದಕ ಉತ್ತರ ಗೊತ್ತಿಲ್ಲದೆ ಪ್ರಶ್ನೆಯನ್ನೇ ಬರೆಯಲಾರ. ನಾನು ಇಂಥ ಕಡೆ ‘ಎಲ್ಲಿದೆ ಕೀಲಿ’ ಅಂತ ತಿರುಗಿಸಿಬಿಡುತ್ತೇನೆ. ಅಥವಾ ‘ಹಿನ್‌ಟೂನ್’ ಹಾಕುತ್ತೇನೆ, ಅದರ ಮಾತು ಕೆಳಗೆ ಬರುತ್ತದೆ.

ಹೆಂಗೆನ್ ಅಂದರೆ ತೂಗುಹಾಕುವುದು. ಚಿತ್ರ ಗೋಡೆಗೆ, ಕೋಟು ಕಪಾಟಿಗೆ. ಇಷ್ಟೇ.

ಟೂನ್: ಎಲ್ಲ ಬೀಗಕ್ಕೂ ಒಂದೇ ಕೀಲಿ?

ಇಷ್ಟೆಲ್ಲ ಓದಿದ ಮೇಲೆ, ಜರ್ಮನ್‌ನಲ್ಲಿ ಪುಟ್ ತರಹದ ಒಂದು ಸೋಮಾರಿ ಪದವೇ ಇಲ್ಲವಾ ಅಂತ ಕೇಳಬಹುದು. ಇದೆ. ‘ಟೂನ್’. ಮೂಲ ಅರ್ಥ ಮಾಡು ಅಂತ. ಮಾತಿನಲ್ಲಿ ಅದು ಹಾಕು ಆಗುತ್ತದೆ. ಕಾಫಿಗೆ ಸಕ್ಕರೆ ಹಾಕುವುದು, ಬ್ಯಾಗಿಗೆ ಸಾಮಾನು ಹಾಕುವುದು, ಫ್ರಿಜ್‌ಗೆ ಇಡುವುದು, ಕಸದ ಬುಟ್ಟಿಗೆ ಹಾಕುವುದು, ಎಲ್ಲಕ್ಕೂ ಟೂನ್ ನಡೆಯುತ್ತದೆ.

ಸಕ್ಕರೆ, ಉಪ್ಪಿನಂಥ ಪುಡಿಗಳಿಗೆ ನಿಜಕ್ಕೂ ಅದೇ ಸರಿಯಾದ ಪದ. ಉಪ್ಪಿಗೆ ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ. ನಮ್ಮಲ್ಲೂ ಉಪ್ಪನ್ನು ಸಾರಿಗೆ ‘ಇಡು’ ಅನ್ನುವುದಿಲ್ಲ, ‘ಹಾಕು’ ಅನ್ನುತ್ತೇವೆ. ಕನ್ನಡದ ಇಡು ಮತ್ತು ಹಾಕು ನಡುವಿನ ಗೆರೆ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹಾಕು ಅನ್ನಿಸಿದ ಕಡೆ, ಅದರಲ್ಲೂ ಒಂದರೊಳಗೆ ಇನ್ನೊಂದು ಸೇರಿ ಕರಗುವ ಅಥವಾ ಕಲಸಿಹೋಗುವ ಕಡೆ, ಟೂನ್ ಅನ್ನು ಮೊದಲು ಯೋಚಿಸಿ.

ಬರವಣಿಗೆಯಲ್ಲಿ ಮಾತ್ರ ಟೂನ್ ಸ್ವಲ್ಪ ಹಗುರ. ಅಡುಗೆ ಪುಸ್ತಕದಲ್ಲಿ ಅದೇ ಸಕ್ಕರೆಗೆ ‘ಗೇಬೆನ್’ ಬರುತ್ತದೆ. ಕೊಡು ಅಂತ ಅದರ ಅರ್ಥ. ಹಿಟ್ಟನ್ನು ಬೋಗುಣಿಗೆ ‘ಕೊಡಿ’ ಅಂತ ಬರೆದಿರುತ್ತಾರೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಪಾತ್ರಗಳ ಮಾತಿಗೆ ಟೂನ್, ಪಾಕವಿಧಾನಕ್ಕೆ ಗೇಬೆನ್, ಕಥೆಯ ನಿರೂಪಣೆಗೆ ನಿಖರವಾದ ಪದ. ಕಲಿಯುವವರು ಪರೀಕ್ಷೆಯಲ್ಲಿ ಎಲ್ಲ ಕಡೆ ಟೂನ್ ಬರೆದು ಪಾರಾಗಲು ನೋಡುತ್ತಾರೆ. ಅರ್ಥವಾಗುತ್ತದೆ, ಆದರೆ ಅಂಕ ಬರುವುದಿಲ್ಲ.

ವಿಭಕ್ತಿಯ ಒಂದು ಬಲೆ

ಸರಿಯಾದ ಕ್ರಿಯಾಪದ ಆರಿಸಿದರೂ ಕೆಲಸ ಅರ್ಧವೇ. ಆನ್, ಔಫ್, ಹಿಂಟರ್, ಇನ್, ನೇಬೆನ್, ಯೂಬರ್, ಉಂಟರ್, ಫೋರ್, ತ್ಸ್ವಿಷೆನ್ ಅಂತ ನಮ್ಮ ಮೇಲೆ, ಒಳಗೆ, ಕೆಳಗೆ ತರಹ ಜಾಗ ಹೇಳುವ 9 ಪದಗಳಿವೆ. ಇವುಗಳ ಮುಂದೆ ಬರುವ ನಾಮಪದ ಚಲನೆ ಇದ್ದರೆ ದ್ವಿತೀಯಾ ವಿಭಕ್ತಿ, ಇರುವಿಕೆ ಆದರೆ ಚತುರ್ಥಿ. ಇಡುವಾಗ ‘ಔಫ್ ಡೇನ್ ಟಿಷ್’. ಇಟ್ಟ ಮೇಲೆ ‘ಔಫ್ ಡೇಮ್ ಟಿಷ್’.

ನಮಗೆ ಈ ವ್ಯತ್ಯಾಸ ಹೊಸದಲ್ಲ. ಡಬ್ಬಿಯೊಳಕ್ಕೆ ಹಾಕು, ಡಬ್ಬಿಯೊಳಗೆ ಇದೆ ಅನ್ನುತ್ತೇವೆ. ಆದರೆ ಇಲ್ಲೇ ಬಲೆ ಇರುವುದು. ಕನ್ನಡದಲ್ಲಿ ಚಲನೆಯನ್ನು ತೋರಿಸುವ ‘ಕ್ಕೆ’ ನಮ್ಮ ವ್ಯಾಕರಣದಲ್ಲಿ ಚತುರ್ಥಿ. ಜರ್ಮನ್‌ನಲ್ಲಿ ಈ 9 ಪದಗಳ ಜೊತೆ ಚತುರ್ಥಿ ಬಂದರೆ ಚಲನೆ ಇಲ್ಲ ಅಂತ ಅರ್ಥ. ಹೆಸರು ನೆಚ್ಚಿಕೊಂಡರೆ ತಲೆಕೆಳಗಾಗುತ್ತದೆ. ಷ್ಟೆಲೆನ್, ಲೇಗೆನ್, ಜ಼ೆಟ್ಸೆನ್ ಬಂದರೆ ‘ಡೇನ್’. ಷ್ಟೇಯೆನ್, ಲೀಗೆನ್, ಜ಼ಿಟ್ಸೆನ್ ಬಂದರೆ ‘ಡೇಮ್’ ಅಂತ ಕಿವಿಗೆ ರೂಢಿ ಮಾಡಿಕೊಳ್ಳುವುದೇ ವಾಸಿ. ಪುಲ್ಲಿಂಗ ಪದಗಳ ಮಟ್ಟಿಗೆ ಇಷ್ಟು ಸಾಕು.

ಭೂತಕಾಲದಲ್ಲೂ ಜೋಡಿ ಬೇರೆ ಬೇರೆ. ಮಾಡಿಸುವ ಪದಗಳು ಸಾಧು: ಷ್ಟೆಲ್ಟೆ, ಲೇಗ್ಟೆ, ಜ಼ೆಟ್ಸ್ಟೆ. ಇರುವ ಪದಗಳು ಸ್ವರ ಬದಲಿಸುತ್ತವೆ: ಷ್ಟಾಂಟ್, ಲಾಗ್, ಜ಼ಾಸ್. ಹೆಂಗೆನ್‌ಗೆ ವರ್ತಮಾನದಲ್ಲಿ ಎರಡೂ ಅರ್ಥಕ್ಕೆ ಒಂದೇ ರೂಪ, ಭೂತದಲ್ಲಿ ಬಣ್ಣ ಬಯಲಾಗುತ್ತದೆ. ತೂಗುಹಾಕಿದೆ ಅಂದರೆ ಹೆಂಗ್ಟೆ, ತೂಗುತ್ತಿತ್ತು ಅಂದರೆ ಹಿಂಗ್.

ಕೈಪಿಡಿ ಅನುವಾದಿಸುವವರಿಗೆ: ಪುಟ್ ಇನ್

ಯಂತ್ರಗಳ ಜೊತೆ ಬರುವ ಕೈಪಿಡಿಯಲ್ಲಿ ‘ಪುಟ್ ಇನ್’ ಹೆಜ್ಜೆಗೊಮ್ಮೆ ಸಿಗುತ್ತದೆ. ಒಂದೇ ಪದ ಹಾಕಿ ಮುಗಿಸಿದರೆ ಜರ್ಮನ್ ಓದುಗರಿಗೆ ಇದು ಹೊರಗಿನವರ ಕೆಲಸ ಅಂತ ತಕ್ಷಣ ಗೊತ್ತಾಗುತ್ತದೆ.

ಬ್ಯಾಟರಿ, ಕಾಗದ ಹಾಕುವುದು ‘ಐನ್‌ಲೇಗೆನ್’, ಅವು ಒಳಗೆ ಮಲಗುತ್ತವೆ. ಇಂಕಿನ ಕಾರ್ಟ್ರಿಜ್ ‘ಐನ್‌ಜ಼ೆಟ್ಸೆನ್’, ತನ್ನ ಗೂಡಿನಲ್ಲಿ ಕ್ಲಿಕ್ ಅಂತ ಕೂರಬೇಕು. ಕೇಬಲ್ ‘ಐನ್‌ಷ್ಟೆಕೆನ್’. ನಾಣ್ಯ ‘ಐನ್‌ವೆರ್ಫೆನ್’, ಅಂದರೆ ಒಳಗೆ ಎಸೆಯುವುದು. ಅಂಚೆಡಬ್ಬಿಗೆ ಪತ್ರ ಹಾಕುವುದಕ್ಕೂ ಅದೇ. ಪಾಸ್‌ವರ್ಡ್ ‘ಐನ್‌ಗೇಬೆನ್’. ನೋಡಿ, ಹಿಂದೆ ಹೇಳಿದ ಅದೇ ಪದಗಳು. ಮುಂದೆ ‘ಐನ್’ ಅಂಟಿಕೊಂಡಿದೆ ಅಷ್ಟೇ. ‘ಪುಟ್ ಬ್ಯಾಕ್’ ಕೂಡ ಹೀಗೇ ಒಡೆಯುತ್ತದೆ. ಬಾಟಲಿಯನ್ನು ವಾಪಸ್ ಇಟ್ಟರೆ ‘ತ್ಸುರುಕ್‌ಷ್ಟೆಲೆನ್’, ಚಾಕುವನ್ನು ವಾಪಸ್ ಇಟ್ಟರೆ ‘ತ್ಸುರುಕ್‌ಲೇಗೆನ್’.

ಜರ್ಮನಿಯ ರಸ್ತೆಬದಿಯಲ್ಲಿ ಇದಕ್ಕೆ ಒಂದು ಚೆಂದದ ಉದಾಹರಣೆ ಸಿಗುತ್ತದೆ. ಕೆಲವು ಕಡೆ ಕಾರು ನಿಲ್ಲಿಸಿದರೆ ‘ಪಾರ್ಕ್‌ಷೈಬೆ’ ಅನ್ನುವ ನೀಲಿ ಸಮಯದ ಬಿಲ್ಲೆಯನ್ನು ಗಾಜಿನ ಹಿಂದೆ ಕಾಣುವಂತೆ ಇಡಬೇಕು. ಬಂದ ಹೊತ್ತಿನ ನಂತರ ಬರುವ ಅರ್ಧ ಗಂಟೆಯ ಗೆರೆಗೆ ಮುಳ್ಳು ತಿರುಗಿಸಬೇಕು ಅನ್ನುವುದು ನಿಯಮ. 10:05ಕ್ಕೆ ಬಂದರೆ 10:30ಕ್ಕೆ. ಇಲ್ಲಿ ಬಿಲ್ಲೆಗೆ ಲೇಗೆನ್. ಮುಳ್ಳಿಗೆ ‘ಐನ್‌ಷ್ಟೆಲೆನ್’. ಕಾರಿಗೆ ‘ಆಬ್‌ಷ್ಟೆಲೆನ್’. ಮೂರೂ ಒಂದೇ ನಿಮಿಷದ ಕೆಲಸ.

ಮೈಮೇಲೆ ಹಾಕಿಕೊಳ್ಳುವುದು

ಇಲ್ಲಿ ಕನ್ನಡ ಸಹಾಯ ಮಾಡುವುದಿಲ್ಲ. ಅಂಗಿ, ಷೂ, ಕನ್ನಡಕ, ಟೋಪಿ, ಉಂಗುರ ಎಲ್ಲವನ್ನೂ ನಾವು ಹಾಕಿಕೊಳ್ಳುತ್ತೇವೆ, ಇಂಗ್ಲಿಷ್‌ನ ‘ಪುಟ್ ಆನ್’ ಹಾಗೇ. ಜರ್ಮನ್ ಮತ್ತೆ ವಸ್ತು ನೋಡುತ್ತದೆ. ಅಂಗಿ, ಪ್ಯಾಂಟು, ಷೂ: ‘ಆನ್‌ತ್ಸೀಯೆನ್’, ಎಳೆದುಕೊಳ್ಳುವುದು. ಟೋಪಿ ಮತ್ತು ಕನ್ನಡಕ: ‘ಔಫ್‌ಜ಼ೆಟ್ಸೆನ್’, ತಲೆಯ ಮೇಲೋ ಮೂಗಿನ ಮೇಲೋ ಕೂರಿಸುವುದು. ಟೈ ಮತ್ತು ಏಪ್ರನ್: ‘ಉಂಬಿಂಡೆನ್’, ಸುತ್ತ ಕಟ್ಟುವುದು. ಉಂಗುರ: ‘ಆನ್‌ಷ್ಟೆಕೆನ್’. ಸೀಟ್ ಬೆಲ್ಟ್: ‘ಆನ್‌ಲೇಗೆನ್’, ಮಾತಿನಲ್ಲಿ ಜಾಸ್ತಿ ಕೇಳುವುದು ‘ಆನ್‌ಷ್ನಾಲೆನ್’. ಮುಖಕ್ಕೆ ಕ್ರೀಮು: ‘ಔಫ್‌ಟ್ರಾಗೆನ್’. ‘ಆನ್‌ಷ್ಟೆಕೆನ್’ ಅಂದರೆ ರೋಗ ಅಂಟಿಸುವುದೂ ಹೌದು, ಸಿಗರೇಟು ಹಚ್ಚುವುದೂ ಹೌದು. ಮದುವೆಯ ದೃಶ್ಯ ಬರೆಯುವಾಗ ಉಂಗುರ ಅನ್ನುವ ಪದ ಹತ್ತಿರವೇ ಇರುವಂತೆ ನೋಡಿಕೊಳ್ಳಿ.

ಕಣ್ಣಿಗೆ ಕಾಣದವು

ಪ್ರಶ್ನೆಗೆ ಅಡಿ ಇಲ್ಲ, ಗಡುವಿಗೆ ಕಾಲಿಲ್ಲ. ಆದರೂ ಜರ್ಮನ್ ಇವಕ್ಕೂ ಇದೇ ಪದಗಳನ್ನು ಹಂಚಿದೆ. ಇಲ್ಲಿ ತರ್ಕ ಹುಡುಕುವುದು ವ್ಯರ್ಥ. ನಾನು ಹುಡುಕಿ ಸುಸ್ತಾಗಿದ್ದೇನೆ.

ಪ್ರಶ್ನೆ ಕೇಳುವುದು ‘ಐನೆ ಫ್ರಾಗೆ ಷ್ಟೆಲೆನ್’. ಅರ್ಜಿ ಹಾಕುವುದು ‘ಐನೆನ್ ಆಂಟ್ರಾಗ್ ಷ್ಟೆಲೆನ್’. ಅಲಾರಾಂ ಇಡುವುದೂ ಷ್ಟೆಲೆನ್. ಗಡುವು ಕೊಡುವುದು ‘ಐನೆ ಫ್ರಿಸ್ಟ್ ಜ಼ೆಟ್ಸೆನ್’. ಒಬ್ಬರ ಮೇಲೆ ಒತ್ತಡ ಹೇರುವುದೂ ಜ಼ೆಟ್ಸೆನ್, ಆದರೆ ಒತ್ತಡವನ್ನು ವ್ಯಕ್ತಿಯ ಮೇಲೆ ಅಲ್ಲ, ವ್ಯಕ್ತಿಯನ್ನು ಒತ್ತಡದ ಕೆಳಗೆ ಕೂರಿಸುತ್ತಾರೆ: ‘ಉಂಟರ್ ಡ್ರುಕ್ ಜ಼ೆಟ್ಸೆನ್’. ಪಣಕ್ಕಿಡುವುದು ‘ಔಫ್ಸ್ ಷ್ಪೀಲ್ ಜ಼ೆಟ್ಸೆನ್’, ಆಟದ ಮೇಲೆ ಇಡುವುದು. ನಮ್ಮ ಪಣಕ್ಕೂ ಅವರ ಆಟಕ್ಕೂ ನಂಟು ಚೆನ್ನಾಗಿದೆ. ಮೊಟ್ಟೆ ಇಡುವುದು ಲೇಗೆನ್. ಒಂದು ಕೆಲಸವನ್ನು ನೆನೆಗುದಿಗೆ ಹಾಕುವುದು ‘ಔಫ್ ಐಸ್ ಲೇಗೆನ್’, ಮಂಜುಗಡ್ಡೆಯ ಮೇಲೆ ಮಲಗಿಸುವುದು. ಮನೆಯನ್ನೆಲ್ಲ ತಲೆಕೆಳಗು ಮಾಡಿ ಹುಡುಕುವುದಕ್ಕೆ ಷ್ಟೆಲೆನ್, ಯಾಕೆಂದರೆ ಮನೆ ತಲೆಯ ಮೇಲೆ ‘ನಿಲ್ಲುತ್ತದೆ’. ಇಂಗ್ಲಿಷ್‌ನವರು ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಜರ್ಮನ್‌ನವರು ಎಲ್ಲವನ್ನೂ ಒಂದೇ ಇಸ್ಪೀಟು ಎಲೆಯ ಮೇಲೆ ಕಟ್ಟುತ್ತಾರೆ, ಜ಼ೆಟ್ಸೆನ್.

ಇವುಗಳನ್ನು ಕಲಿಯುವ ದಾರಿ ಒಂದೇ. ಕ್ರಿಯಾಪದ ಹಿಡಿದು ನಾಮಪದ ಹುಡುಕಬೇಡಿ. ನಾಮಪದದ ಕಡೆಯಿಂದ ಹೋಗಿ. ನಿಘಂಟಿನಲ್ಲಿ ‘ಪುಟ್’ ತೆಗೆಯುವ ಬದಲು ‘ಫ್ರಿಸ್ಟ್’ ತೆಗೆದು ಅದರ ಜೊತೆ ಯಾವ ಕ್ರಿಯಾಪದ ಬರುತ್ತದೆ ನೋಡಿ.

ಇನ್ನು ಕೆಲವು ಪುಟ್‌ಗಳಿಗೂ ಇಡುವುದಕ್ಕೂ ಸಂಬಂಧವೇ ಉಳಿದಿಲ್ಲ. ಸಭೆ ಮುಂದೂಡುವ ‘ಪುಟ್ ಆಫ್’ ಅಂದರೆ ‘ಫೆರ್‌ಷೀಬೆನ್’. ಬೆಂಕಿ ಆರಿಸುವ ‘ಪುಟ್ ಔಟ್’ ಅಂದರೆ ‘ಲ್ಯೋಷೆನ್’. ತೂಕ ಹೆಚ್ಚಿಸಿಕೊಳ್ಳುವುದು ‘ತ್ಸೂನೇಮೆನ್’. ‘ಹೇಗೆ ಹೇಳಲಿ’ ಅನ್ನುವ ಅರ್ಥದ ಪುಟ್‌ಗೆ ‘ಜ಼ಾಗೆನ್’, ಅಂದರೆ ಹೇಳು. ಷಾಟ್‌ಪುಟ್‌ಗೆ ‘ಕೂಗೆಲ್‌ಷ್ಟೋಸೆನ್’, ಗುಂಡನ್ನು ನೂಕುವುದು. ಕನ್ನಡದಲ್ಲಿ ಗುಂಡು ಎಸೆತ ಅನ್ನುತ್ತೇವೆ, ಆದರೆ ಆಟದ ನಿಯಮದ ಪ್ರಕಾರ ಅದನ್ನು ಎಸೆಯುವ ಹಾಗೇ ಇಲ್ಲ, ಕತ್ತಿನ ಬಳಿಯಿಂದ ನೂಕಬೇಕು. ಈ ಒಂದು ಪದದಲ್ಲಿ ಜರ್ಮನ್‌ನವರೇ ಗೆದ್ದರು.

ವಸ್ತು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ

‘ಪುಟ್ ಇಟ್ ದೇರ್.’ ಅಲ್ಲಿಡು. ಏನನ್ನು? ಇಂಗ್ಲಿಷ್ ವಾಕ್ಯ ಹೇಳುವುದಿಲ್ಲ. ಯಂತ್ರಾನುವಾದಕ್ಕೆ ಇದೊಂದೇ ಸಾಲು ಕೊಟ್ಟರೆ ಅದು ಷ್ಟೆಲೆನ್ ಅಥವಾ ಲೇಗೆನ್ ಯಾವುದೋ ಒಂದನ್ನು ಊಹಿಸಲೇಬೇಕು. ಜರ್ಮನಿಯ ಕೋಲ್ನ್‌ನಲ್ಲಿ ಹುಟ್ಟಿ 2017ರಲ್ಲಿ ಬಂದ ಡೀಪ್‌ಎಲ್ ಆಗಲಿ, ಬೇರೆ ಯಾವುದೇ ಆಗಲಿ, ಸುತ್ತಲಿನ ವಾಕ್ಯಗಳನ್ನು ಕೊಟ್ಟರೆ ಚೆನ್ನಾಗಿ ಆರಿಸುತ್ತವೆ. ಒಂಟಿ ಸಾಲು ಕೊಟ್ಟರೆ ಅವಕ್ಕೂ ನಮಗೂ ವ್ಯತ್ಯಾಸವಿಲ್ಲ. ಅದಕ್ಕೇ ಆ್ಯಪ್‌ಗಳ ಬಿಡಿ ಬಿಡಿ ಸಾಲುಗಳಲ್ಲಿ ತಪ್ಪು ಜಾಸ್ತಿ.

ಮೊದಲ ಆಯ್ಕೆ, ಕೇಳುವುದು. ಕೆಲಸ ಕೊಟ್ಟವರಿಗೆ ‘ಇದು ಏನು, ಚಿತ್ರ ಇದೆಯಾ’ ಅಂತ ಒಂದು ಸಾಲು ಬರೆದರೆ ನಷ್ಟವೇನಿಲ್ಲ. ಕೇಳಲು ಆಗದಿದ್ದರೆ ‘ಪ್ಲಾಟ್ಸೀರೆನ್’ ಇದೆ, ಯಾವ ಭಂಗಿಗೂ ಸಲ್ಲುತ್ತದೆ. 1996ರ ಕಾಗುಣಿತ ಸುಧಾರಣೆಗೆ ಮುಂಚೆ ಅದನ್ನು ಟಿ ಇಲ್ಲದೆ ಬರೆಯುತ್ತಿದ್ದರು, ಹಳೆಯ ಪಠ್ಯದಲ್ಲಿ ಕಂಡರೆ ತಪ್ಪು ಅಂದುಕೊಳ್ಳಬೇಡಿ. ಕೈಪಿಡಿಗೆ ಅದು ಸರಿ. ಮನೆಮಂದಿಯ ಮಾತಿನಲ್ಲಿ ಬಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಅಲ್ಲಿ ‘ಟೂ ಎಸ್ ಡಾಹಿನ್’ ಅಂತ ಟೂನ್ ಅನ್ನೇ ಕರೆಯುತ್ತೇನೆ.

ಕಾದಂಬರಿಯಲ್ಲಿ ಈ ಪ್ರಶ್ನೆ ಬಂದರೆ ನಾನು ಮುಂದಿನ ಪುಟಗಳನ್ನು ಓದುತ್ತೇನೆ. ಒಮ್ಮೆ 3ನೇ ಅಧ್ಯಾಯದಲ್ಲಿ ಒಬ್ಬ ಪೊಟ್ಟಣವೊಂದನ್ನು ಕಿಟಕಿಯ ಬಳಿ ಇಡುತ್ತಾನೆ. ಅದು ನಿಂತಿತ್ತಾ ಮಲಗಿತ್ತಾ? 19ನೇ ಅಧ್ಯಾಯದಲ್ಲಿ ಗಾಳಿಗೆ ಅದು ಉರುಳಿ ಬೀಳುತ್ತದೆ. ಹಿಂದಕ್ಕೆ ಹೋಗಿ ಲೇಗೆನ್ ಅಳಿಸಿ ಷ್ಟೆಲೆನ್ ಬರೆದೆ.